ಟೊಳ್ಳು ಉಳಿಯ ಹೊರಮೈ

ಮಾವ ಆ ಬೆಳಿಗ್ಗೆ ಉಳಿಯನ್ನು ಕಾಫಿಯ ಮೇಜಿಗೇ ತಂದುಬಿಟ್ಟರು. ಹಳೆಯ ಬನಿಯನ್ ಬಟ್ಟೆಯಲ್ಲಿ ಸುತ್ತಿಕೊಂಡು ಬಂದು, ಲೋಟಗಳನ್ನು ಅತ್ತಿತ್ತ ಸರಿಸಿ ಜಾಗ ಮಾಡಿ, ಹಸುಗೂಸಿನ ಮುಖ ತೋರಿಸುವವರ ಹಾಗೆ ಮೆಲ್ಲಗೆ ಬಟ್ಟೆ ಬಿಡಿಸಿದರು. "ನೋಡೇ, ಮುಖ ಕಾಣುತ್ತೆ ಇದರಲ್ಲಿ. ನಿನ್ನ ಅಳಿಯನ ಕೈಗುಣ." ಅತ್ತೆ ಬಗ್ಗಿ ನೋಡಿ, "ಮುಖ ಎಲ್ಲಿ ಬಂತು, ಅರ್ಧ ಮೂಗು ಕಾಣುತ್ತೆ ಅಷ್ಟೆ," ಎಂದು ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದರು. ಹೆಂಡತಿ ಮಾತ್ರ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲೂ ಒಂದು ಕ್ಷಣ ನಿಂತು, ಉಳಿಯನ್ನಲ್ಲ, ಗಂಡನನ್ನು ನೋಡಿದಳು. ಅವಳು ಹಾಗೆ ನೋಡಿ ಎಷ್ಟು ಕಾಲವಾಗಿತ್ತೋ. ಅವನು ತನ್ನ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಹಲ್ಲು ಬಿಟ್ಟ. ಹೊಗಳಿಸಿಕೊಂಡವನು ನಾಚಿಕೊಳ್ಳಬೇಕಲ್ಲ, ಆ ನಾಚಿಕೆಯ ಮರೆಯಲ್ಲಿ ಮುಖದ ಬಣ್ಣ ಇಳಿದದ್ದು ಯಾರಿಗೂ ಗೊತ್ತಾಗಲಿಲ್ಲ. ಆ ಉಳಿಯನ್ನು ತಾನು ಹಾಳುಮಾಡಿದ್ದೇನೆಂದು ಅವನಿಗೆ ಹಿಂದಿನ ಸಂಜೆಯಿಂದ ಗೊತ್ತಿತ್ತು.

ಅದು ಕೊಡತಿಯಲ್ಲಿ ಬಡಿಯುವ ಮಾಮೂಲಿ ಉಳಿಯಲ್ಲ. ಅರ್ಧ ಇಂಚು ಅಗಲದ, ನಾಲ್ಕು ಮೂಲೆಯ ಉಕ್ಕಿನ ಕೊಳವೆ, ಒಳಗೆ ಪೂರ್ತಿ ಟೊಳ್ಳು. ಮಿಷನ್ನಿಗೆ ಸಿಕ್ಕಿಸಿ ಹಿಡಿಕೆ ಎಳೆದರೆ ಕೊಳವೆಯೊಳಗಿನ ಬೈರಿಗೆ ತಿರುಗುತ್ತ ಮರದಲ್ಲಿ ದುಂಡಗೆ ಕೊರೆಯುತ್ತದೆ, ಅದರ ಬೆನ್ನಿಗೇ ಕೊಳವೆಯ ನಾಲ್ಕು ಅಂಚೂ ಇಳಿದು ದುಂಡನ್ನು ಚೌಕ ಮಾಡುತ್ತವೆ. ತಿರುಗುವ ಬೈರಿಗೆಯಿಂದ ಚೌಕ ತೂತು ಬರುವುದನ್ನು ಮೊದಲ ಸಲ ನೋಡಿದಾಗ ಅವನಿಗೆ ಯಾರೋ ಕಣ್ಣೆದುರೇ ಮೋಸ ಮಾಡಿದಂತೆ ಅನಿಸಿತ್ತು. ಮಾವನಿಗೆ ಮೋಸವೆಂದರೆ ಆಗದು. ಅವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದು ನಿವೃತ್ತರಾದವರು. ಅಂಗಡಿಯವನ ತೂಕದ ಬಟ್ಟನ್ನು ಅಂಗೈಯಲ್ಲಿಟ್ಟುಕೊಂಡು ಮೇಲೆ ಕೆಳಗೆ ಆಡಿಸಿ, "ಇದು ಸವೆದಿದೆ," ಎಂದರೆ ಮುಗಿಯಿತಂತೆ, ತಕ್ಕಡಿಗೆ ಹಾಕಿ ನೋಡುವ ಧೈರ್ಯ ಯಾರಿಗೂ ಇರಲಿಲ್ಲವಂತೆ, ಹಾಕಿ ನೋಡಿದವರು ಸೋತರಂತೆ. ಈ 'ಅಂತೆ'ಗಳನ್ನೆಲ್ಲ ಹೇಳಿದವರು ಮಾವನೇ. ಆದರೂ ಕಾರು ಮಾರಿದ ಮೇಲೆ ಖಾಲಿಬಿದ್ದ ಶೆಡ್ಡಿನಲ್ಲಿ ಅವರು ಮಾಡಿಟ್ಟ ಮೇಜು, ಕಪಾಟು, ಕಿಟಕಿ ಚೌಕಟ್ಟುಗಳನ್ನು ಕಂಡವರು ಅದನ್ನು ನಂಬದೆ ಇರುವಂತಿರಲಿಲ್ಲ. ಎಲ್ಲೂ ಮೊಳೆಯಿಲ್ಲ, ಎಲ್ಲೂ ಸಂದಿಯಿಲ್ಲ. ಒಂದು ಮರಕ್ಕೆ ಚೌಕ ತೂತು, ಇನ್ನೊಂದು ಮರದ ತುದಿಗೆ ಆ ತೂತಿಗೆ ಹೊಂದುವ ನಾಲಗೆ. ನಾಲಗೆಯನ್ನು ಮಾವ ಒಂದೇ ಸಲ ಕತ್ತರಿಸುತ್ತಿದ್ದರು, ಮತ್ತೆ ಅದಕ್ಕೆ ಕೈಯಿಟ್ಟದ್ದನ್ನು ಯಾರೂ ಕಂಡಿಲ್ಲ. ಹೆಬ್ಬೆರಳಿನಿಂದ ಒತ್ತಿದರೆ ಒಳಕ್ಕೆ ಹೋಗಿ 'ಟಪ್' ಎಂದು ಕೂತುಬಿಡುತ್ತಿತ್ತು. ಆ ಸದ್ದಿಗಾಗಿಯೇ ಈ ಮನುಷ್ಯ ಬದುಕಿರೋದು ಎಂದು ಅತ್ತೆ ಆಡಿಕೊಳ್ಳುತ್ತಿದ್ದರು. ಅದರಲ್ಲಿ ತಮಾಷೆಯ ಪಾಲು ಕಡಿಮೆಯೇ ಇತ್ತು.

ಇಂಥ ಮನೆಗೆ ಅವನು ತಾತ್ಕಾಲಿಕವಾಗಿ ಬಂದಿದ್ದ. ಪಾಠ ಹೇಳುತ್ತಿದ್ದ ಟ್ಯೂಷನ್ ಕೇಂದ್ರ ಮುಚ್ಚಿತು, ಬಾಡಿಗೆ ಮನೆ ಬಿಡಬೇಕಾಯಿತು, ಮುಂದಿನದು ಗೊತ್ತಾಗುವ ತನಕ ಎಂದು ಗಂಡ ಹೆಂಡತಿ ಪೆಟ್ಟಿಗೆಗಳನ್ನು ಅವಳ ತವರಿಗೆ ಸಾಗಿಸಿದರು. ಮುಂದಿನದು ಗೊತ್ತಾಗಲೇ ಇಲ್ಲ. ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ಊರಿನವರ ರಕ್ತ ಪರೀಕ್ಷೆ ಮಾಡುತ್ತಿದ್ದಳು, ಅವನು ಮನೆಯಲ್ಲಿ ಪೇಪರನ್ನು ಜಾಹೀರಾತಿನ ಸಮೇತ ಓದುತ್ತಿದ್ದ. ಯಾರೂ ಅವನಿಗೆ ಒಂದು ಕಟು ಮಾತು ಆಡಲಿಲ್ಲ, ಅದೇ ಅವನ ತೊಂದರೆ. ಆಡಿದ್ದರೆ ಮುನಿಸಿಕೊಂಡಾದರೂ ಕೂರಬಹುದಿತ್ತು. ಮಾವ ಅವನನ್ನು 'ಅಳಿಯಂದಿರು' ಎನ್ನುತ್ತಿದ್ದರು. ನೀವು, ಬನ್ನಿ, ಕೂತ್ಕೊಳ್ಳಿ, ಸಂಕೋಚ ಪಡಬೇಡಿ. ಸಂಜೆ ಹೊರಟುಹೋಗುವ ನೆಂಟನಿಗೆ ಕೊಡುವ ಮರ್ಯಾದೆಯನ್ನು ಅವನಿಗೆ ದಿನವೂ ಬಡಿಸುತ್ತಿದ್ದರು. ಊಟದ ಮೇಜಿಗೆ ಮೂರೇ ಕುರ್ಚಿ. ಅವನು ಬಚ್ಚಲ ಪಕ್ಕದ ಪ್ಲಾಸ್ಟಿಕ್ ಸ್ಟೂಲ್ ಎಳೆದುಕೊಳ್ಳುತ್ತಿದ್ದ. ಅದು ಕುಳ್ಳು, ಹಾಗಾಗಿ ತಟ್ಟೆ ಅವನ ಗದ್ದದ ಮಟ್ಟಕ್ಕೆ ಬರುತ್ತಿತ್ತು. ಒಂದು ದಿನ ಮಾವ ಅವನು ಉಣ್ಣುವುದನ್ನೇ ನೋಡುತ್ತಿದ್ದು, "ಇನ್ನೊಂದು ಕುರ್ಚಿ ಮಾಡ್ಬೇಕು," ಎಂದರು. ಅದು ಪ್ರೀತಿಯೋ, ಇನ್ನು ಇವನು ಹೋಗುವವನಲ್ಲ ಎಂಬ ತೀರ್ಪೋ? ರಾತ್ರಿ ಹೆಂಡತಿಯನ್ನು ಕೇಳಿದರೆ ಅವಳು, "ಕುರ್ಚಿ ಅಂದ್ರೆ ಕುರ್ಚಿ ಕಣ್ರೀ, ಅದರಲ್ಲೂ ಅರ್ಥ ಹುಡುಕ್ತೀರಾ," ಎಂದು ಮಗ್ಗುಲು ಬದಲಿಸಿದಳು.

ಕುರ್ಚಿಯೆಂದರೆ ತುಂಬಾ ತೂತುಗಳ ಕೆಲಸ. ಮೊದಲು ಉಳಿ ಹರಿತವಾಗಬೇಕು. ಮಾವನ ಕಣ್ಣಿಗೆ ಪೊರೆ ಬರುತ್ತಿತ್ತು. "ಡಾಕ್ಟರು ಸಾಣೆಯ ಪುಡಿ ಹತ್ರ ಹೋಗ್ಬೇಡಿ ಅಂದಿದ್ದಾರೆ. ನೀವು ಮಾಡ್ತೀರಾ?" ಎಂದು ಕೇಳಿದಾಗ ಅವನಿಗೆ ನೌಕರಿಯ ಆರ್ಡರು ಕೈಗೆ ಬಂದಷ್ಟು ಖುಷಿಯಾಯಿತು. ಬುಗುರಿಯ ಆಕಾರದ ಸಾಣೆಕಲ್ಲನ್ನು ಕೈಬೈರಿಗೆಯ ತುದಿಗೆ ಸಿಕ್ಕಿಸಿ, ಉಳಿಯ ಬಾಯೊಳಗಿಟ್ಟು ತಿರುಗಿಸಿ ಮಾವ ತೋರಿಸಿಕೊಟ್ಟರು. "ಹರಿತ ಅನ್ನೋದೆಲ್ಲ ಒಳಗಡೆಯೇ. ಒಳಗೆ ಉಜ್ಜಿದಾಗ ಹೊರ ಅಂಚಿಗೆ ಸಣ್ಣ ತರಿ ಏಳುತ್ತೆ. ಅದು ಹೋಗೋ ಹಾಗೆ ಹೊರಮೈನ ಕಲ್ಲಿನ ಮೇಲೆ ಒಂದು ಸಲ ಸವರಿದ್ರೆ ಸಾಕು. ತಿಕ್ಕಬೇಡಿ." ಅವನು ತಲೆಯಾಡಿಸಿದ, ಟ್ಯೂಷನ್ನಿನಲ್ಲಿ ಹುಡುಗರು ಅವನೆದುರು ಆಡಿಸುತ್ತಿದ್ದರಲ್ಲ, ಹಾಗೆ. ಒಳಗಿನ ಕೆಲಸ ನಿಜಕ್ಕೂ ಚೆನ್ನಾಗಿಯೇ ಆಯಿತು, ಬೇಗನೂ ಆಯಿತು. ಆದರೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಉಳಿ ಮೊದಲಿನ ಹಾಗೆಯೇ ಇತ್ತು, ಹೊರಗೆಲ್ಲ ಅದೇ ಕಂದು ಕಲೆ, ಅದೇ ಹಳೆ ಮರದ ಅಂಟು. ಮಾಡಿದ್ದೆಲ್ಲ ಟೊಳ್ಳಿನೊಳಗೆ. ಅಲ್ಲಿ ಯಾರು ಬಗ್ಗಿ ನೋಡುತ್ತಾರೆ? ಬೆಳಗಿನಿಂದ ಏನು ಮಾಡಿದಿರಿ ಎಂದು ಯಾರಾದರೂ ಕೇಳಿದರೆ ಏನನ್ನು ತೋರಿಸುವುದು? ಯಾರೂ ಕೇಳುತ್ತಿರಲಿಲ್ಲ, ಅದು ಬೇರೆ ಮಾತು. ಕಲ್ಲಿಗೆ ಎಣ್ಣೆ ಬಿಟ್ಟು ಹೊರಮೈಯನ್ನು ಒಂದು ಸಲ ಸವರಿದ. ಕಲೆಯಡಿಯಿಂದ ಬೆಳ್ಳಗೆ ಒಂದು ಗೆರೆ ಎದ್ದಿತು. ಇನ್ನೊಂದು ಸಲ ಸವರಿದ, ಗೆರೆ ಅಗಲವಾಯಿತು. ಅಲ್ಲಿಂದ ಅವನ ಕೈ ಅವನ ಮಾತು ಕೇಳಲಿಲ್ಲ. ಒಂದು ಮುಖ ಹೊಳೆದ ಮೇಲೆ ಉಳಿದ ಮೂರೂ ಮಂಕಾಗಿ ಕಂಡವು, ಮೂರನ್ನೂ ಹೊಳೆಯಿಸಿದ ಮೇಲೆ ಮೊದಲಿನದು ಮಂಕಾಗಿ ಕಂಡಿತು. ಮೊದಲು ಒರಟು ಕಲ್ಲು, ಆಮೇಲೆ ನಯದ್ದು, ಮತ್ತೆ ಯಾಕೋ ಒರಟು. ಮಧ್ಯಾಹ್ನಗಳು ಹಾಗೆ ಸವೆದವು. ಅಡುಗೆಮನೆಯ ಕಿಟಕಿಯಿಂದ ಅತ್ತೆ ಫೋನಿನಲ್ಲಿ ಮಗಳಿಗೆ ಹೇಳುವುದು ಕೇಳಿಸುತ್ತಿತ್ತು: "ಪಾಪ ಕಣೇ, ಊಟಕ್ಕೂ ಏಳಲ್ಲ, ಹಾಗೆ ಮೈಮುರಿದು ಮಾಡ್ತಿದ್ದಾರೆ." ಅದು ಕೇಳಿಸಿದ ಮೇಲೆ ಅವನು ಇನ್ನೂ ಜೋರಾಗಿ ತಿಕ್ಕಿದ.

ಹೊಳಪು ನೋಡಿದ ದಿನ ಮಾವ ಉಳಿಯನ್ನು ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು, ಮತ್ತೆ ಹತ್ತಿರ ತಂದರು. ಪೊರೆ ಬಂದ ಕಣ್ಣಿಗೆ ಹೊಳಪೊಂದೇ ಚೆನ್ನಾಗಿ ಕಾಣುತ್ತದೋ ಏನೋ. ಬೆರಳ ತುದಿಯಿಂದ ಬಾಯಂಚನ್ನು ಮುಟ್ಟಿ, "ಅಬ್ಬಾ," ಎಂದರು. ಆಮೇಲೆ, "ನಿನ್ನ ಕೈ ಚೆನ್ನಾಗಿದೆ ಕಣಯ್ಯಾ," ಎಂದರು. ನಿನ್ನ! ಕಣಯ್ಯಾ! ನೆಂಟರ ಸಾಲಿನಿಂದ ಯಾರೋ ರಟ್ಟೆ ಹಿಡಿದೆಳೆದು ಮನೆಯವರ ಸಾಲಿಗೆ ನಿಲ್ಲಿಸಿದ ಹಾಗಾಯಿತು. ಅವನಿಗೆ ಕಣ್ಣು ತುಂಬಿತು, ಮರದ ಪುಡಿ ಬಿತ್ತು ಎಂದು ಉಜ್ಜಿಕೊಂಡ. ಆ ಸುಖ ಹೆಚ್ಚು ಬಾಳಲಿಲ್ಲ. ಮಾರನೆಯ ಸಂಜೆ ಶೆಡ್ಡು ಗುಡಿಸುವಾಗ ಹಳೆಯ ಮರದ ತುಂಡೊಂದು ಕೈಗೆ ಬಂತು. ಮಾವ ಎಂದೋ ಇದೇ ಉಳಿಯಿಂದ ಪರೀಕ್ಷೆಗೆಂದು ಕೊರೆದ ಚೌಕ ತೂತು ಅದರಲ್ಲಿತ್ತು. ಸುಮ್ಮನೆ, ಗುನುಗುತ್ತ, ಉಳಿಯನ್ನು ಅದರೊಳಗೆ ಇಳಿಸಿದ. ಬೀಳಲಿರುವ ಹಲ್ಲಿನ ಹಾಗೆ ಅದು ಅಲ್ಲಾಡಿತು. ಮರ ಹಿಗ್ಗಿರಬೇಕು ಎಂದುಕೊಂಡ. ಕುಗ್ಗಿರಬೇಕು ಎಂದುಕೊಂಡ. ಹಿಗ್ಗಿದರೂ ಕುಗ್ಗಿದರೂ ತಪ್ಪು ಮರದ್ದಾಗುತ್ತಿತ್ತು, ಅದಕ್ಕೇ ಎರಡನ್ನೂ ಒಟ್ಟಿಗೆ ನಂಬಲು ನೋಡಿದ. ಗುನುಗು ನಿಂತಿತು. ತಿಕ್ಕಬೇಡಿ ಎಂದಿದ್ದು ಆಗ ಅರ್ಥವಾಯಿತು. ಉಳಿಯ ಹೊರಮೈ ಎಷ್ಟೋ ತೂತಿನ ಅಳತೆ ಅಷ್ಟೇ. ಒಳಗೆ ಎಷ್ಟು ಉಜ್ಜಿದರೂ ಅಳತೆ ಕೆಡುವುದಿಲ್ಲ, ಹೊರಗೆ ಉಜ್ಜಿದಷ್ಟೂ ಉಳಿ ಬಡವಾಗುತ್ತದೆ. ಅದರಲ್ಲೂ ಅವನು ಬಾಯಿಯ ಕಡೆ ಮಾತ್ರ ತಿಕ್ಕಿದ್ದ, ಮೇಲೆ ಹಳೆಯ ದಪ್ಪವೇ ಇತ್ತು. ತೆಳ್ಳಗಿನ ಬಾಯಿ ಕೊರೆದ ತೂತಿನೊಳಗೆ ದಪ್ಪಗಿನ ಮೈ ಇಳಿಯಬೇಕು. ಅವನು ಉಳಿಯನ್ನು ಒರೆಸಿ, ಅದರ ಜಾಗದಲ್ಲಿ, ಹೊಳೆಯುವ ಮುಖ ಮೇಲಾಗಿ ಇಟ್ಟು ಬಂದ.

ಈಗ, ಕಾಫಿಯಾದ ಮೇಲೆ, ಮಾವನ ಹಿಂದೆ ಶೆಡ್ಡಿಗೆ ನಡೆಯುತ್ತ, ಹೇಳಿಬಿಡಬೇಕು ಎಂದುಕೊಂಡ. ವಾಕ್ಯವೂ ಸಿದ್ಧವಾಗಿತ್ತು. ಉಳಿ ಸವೆದಿದೆ ಮಾವ. ಅಲ್ಲ, ಸವೆದಿದೆ ಎಂದರೆ ತಾನಾಗಿ ಸವೆದಂತಾಯಿತು. ಸವೆಸಿದ್ದೇನೆ ಮಾವ. ವಾಕ್ಯ ತಿದ್ದುವುದರಲ್ಲಿ ಮಾವ ಉಳಿಯನ್ನು ಮಿಷನ್ನಿಗೆ ಸಿಕ್ಕಿಸಿ ಬಿಗಿ ಮಾಡಿಬಿಟ್ಟಿದ್ದರು. "ಮಾವ, ಒಂದು ಮಾತು," ಎಂದ. "ಕೆಲಸ ಮುಗೀಲಿ ಇರಯ್ಯಾ, ಕೈ ಕೆಲಸದಲ್ಲಿದ್ದಾಗ ಬಾಯಿ ತೆಗೀಬಾರದು," ಎಂದು ಅವರು ಗುಂಡಿ ಒತ್ತಿದರು. ದೊಡ್ಡವರು ಬೇಡ ಅಂದ ಮೇಲೆ ಏನು ಮಾಡುವುದು ಎಂದು ಅವನಿಗೆ ಎಷ್ಟು ಬೇಗ ಸಮಾಧಾನವಾಯಿತೆಂದರೆ, ಆ ಬೇಗಕ್ಕೆ ಅವನಿಗೇ ನಾಚಿಕೆಯಾಯಿತು. ಉಳಿ ಕುರ್ಚಿಯ ಕಾಲಿನೊಳಗೆ ಇಳಿಯಿತು. ಅರ್ಧಕ್ಕೆ ಬರುವಷ್ಟರಲ್ಲಿ ಕಿರುಗುಟ್ಟಿತು. ಮಾವ ಹಿಡಿಕೆಯನ್ನು ಇನ್ನಷ್ಟು ಎಳೆದರು, ಮರದಿಂದ ತೆಳ್ಳಗೆ ಹೊಗೆ ಎದ್ದಿತು, ಸುಟ್ಟ ವಾಸನೆ ಬಂತು. ಆಮೇಲೆ ಹಿಡಿಕೆ ಮೇಲಕ್ಕೂ ಬಾರದು, ಕೆಳಕ್ಕೂ ಹೋಗದು. ಇಬ್ಬರೂ ಸೇರಿ ಎಳೆದು ಬಿಡಿಸಬೇಕಾಯಿತು. "ನಾನೇ ಸೊಟ್ಟ ಕೂರಿಸಿದ್ದೀನಿ ಅನ್ಸುತ್ತೆ," ಎಂದು ಮಾವ ಉಳಿಯನ್ನು ಬಿಚ್ಚಿ ಮತ್ತೆ ಕೂರಿಸಿದರು. ಮತ್ತೆ ಹಾಗೇ ಆಯಿತು. "ಮರ ಹಸಿ ಇರಬಹುದು ಮಾವ," ಎಂದ ಅವನು. ಹೇಳಬೇಕಾದ್ದು ಒಂದಿದ್ದಾಗ ಬಾಯಿಗೆ ಇನ್ನೊಂದು ಎಷ್ಟು ಸಲೀಸಾಗಿ ಬರುತ್ತದೆ. "ಇಲ್ಲಾ ಕರೆಂಟು ಕಮ್ಮಿ ಇರಬಹುದು."

ಹೇಗೋ ಒದ್ದಾಡಿ ಒಂದು ತೂತು ಮುಗಿಯಿತು. ನಾಲಗೆಗಳನ್ನು ಮಾವ ಮೊದಲೇ ಕತ್ತರಿಸಿಟ್ಟಿದ್ದರು, ಅವರೇ ಮಾಡಿಕೊಂಡ ಮರದ ಅಚ್ಚಿಗೆ ಹಿಡಿದು. ಒಂದನ್ನು ಎತ್ತಿ ತೂತಿಗಿಟ್ಟು ಹೆಬ್ಬೆರಳಿನಿಂದ ಒತ್ತಿದರು. ಹೋಗಲಿಲ್ಲ. ತಿರುಗಿಸಿ ಒತ್ತಿದರು. ಅಂಗೈಯಿಂದ ತಟ್ಟಿದರು. ಅವರ ಕೈ ಕೊಡತಿಯ ಕಡೆಗೆ ಹೋದದ್ದು, ಹೋಗಿ ಅರ್ಧದಲ್ಲಿ ನಾಚಿಕೊಂಡಂತೆ ಹಿಂದೆ ಬಂದದ್ದು, ಅವನಿಗೆ ಕಂಡಿತು. "ಕರೆಂಟು ಇರಬಹುದು," ಎಂದು ಅವನು ಮತ್ತೆ ಅಂದ. "ಕರೆಂಟಿಗೂ ನಾಲಗೆಗೂ ಏನಯ್ಯಾ ಸಂಬಂಧ?" ಎಂದ ಮಾವ ಉಜ್ಜುಗೊರಡು ತೆಗೆದುಕೊಂಡು, ತಾವು ಕತ್ತರಿಸಿದ್ದನ್ನು ತಾವೇ ಕೆತ್ತಲು ಕೂತರು. ಅವನು ಮುಖ ತಿರುಗಿಸಿಕೊಂಡ. ಒಂದು ಸಲ ಕೆತ್ತಿದರು, ಹೋಗಲಿಲ್ಲ. ಇನ್ನೊಂದು ಸಲ ಕೆತ್ತಿದರು. ಈಗ ನಾಲಗೆ ಒಳಗೆ ಹೋಯಿತು, ಮರವನ್ನು ಬೋರಲು ಮಾಡಿದಾಗ ತಾನೇ ಉದುರಿ ಕೆಳಗೆ ಬಿತ್ತು. ಮಾವ ಅದನ್ನು ಹೆಕ್ಕಲಿಲ್ಲ. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಹಲಗೆಗಳ ರಾಶಿಯ ಮೇಲೆ ಕೂತುಕೊಂಡರು. "ಕಿಟಕಿ ಚೌಕಟ್ಟಿಗೆ ಸರಿಯಾಗೇ ಬಂದಿತ್ತು," ಎಂದರು, ತಮ್ಮಷ್ಟಕ್ಕೆ. "ಮಿಷನ್ ಅದೇ. ಅಚ್ಚು ಅದೇ. ಉಳಿ ಅದೇ, ಅದೂ ಇಷ್ಟು ಚೆನ್ನಾಗಿ ಹರಿತ ಆಗಿದೆ. ಬದಲಾಗಿರೋನು ನಾನೊಬ್ಬನೇ."

ಲೆಕ್ಕ ಎಷ್ಟು ಕ್ರಮವಾಗಿತ್ತೆಂದರೆ, ಪಾಠ ಹೇಳಿದವನಾಗಿ ಅವನು ಅದಕ್ಕೆ ಪೂರ್ತಿ ಅಂಕ ಕೊಡಬೇಕಿತ್ತು. ಒಂದೇ ಒಂದು ಸಂಗತಿ ತಪ್ಪಿತ್ತು, ಅದು ಅವನ ಹೊಟ್ಟೆಯಲ್ಲಿತ್ತು. ಮಾವನ ಕೈಗಳು ಮಂಡಿಯ ಮೇಲೆ ಅಂಗಾತ ಬಿದ್ದಿದ್ದವು. ಅವನ್ನು ಅಷ್ಟು ಖಾಲಿಯಾಗಿ ಅವನು ಯಾವತ್ತೂ ನೋಡಿರಲಿಲ್ಲ. ತಾನು ಪೇಪರು ಓದಿ ಮುಗಿಸಿ ಕೂರುವಾಗ ತನ್ನ ಕೈಗಳು ಹೀಗೇ ಇರುತ್ತವಲ್ಲ ಎಂದು ಅವನಿಗೆ ಅನಿಸಿತು. ಅಂಥದ್ದು ಈ ಮನುಷ್ಯನಿಗೆ ಬರಬಾರದು. ಶನಿವಾರವಾದ್ದರಿಂದ ಹೆಂಡತಿ ಮಧ್ಯಾಹ್ನಕ್ಕೇ ಬಂದಳು. ಹೆಗಲ ಚೀಲ ಇಳಿಸದೆ ಶೆಡ್ಡಿನ ಬಾಗಿಲಲ್ಲಿ ನಿಂತು, "ಯಾಕಪ್ಪಾ ಹೀಗೆ ಕೂತ್ಬಿಟ್ಟೆ?" ಎಂದಳು. "ಏನಿಲ್ಲಮ್ಮಾ," ಎಂದರು ಮಾವ, "ಸವೆದ ತೂಕದ ಬಟ್ಟನ್ನ ಇನ್ನು ಬಳಸಬೇಡಪ್ಪಾ ಅಂತ ಜೀವಮಾನವೆಲ್ಲ ಊರಿಗೇ ಹೇಳಿದೋನು ನಾನು. ನನಗೆ ನಾನು ಹೇಳ್ಕೋಬೇಡ್ವೇ? ಇನ್ಮೇಲೆ ಇದೆಲ್ಲ ನಿನ್ನ ಗಂಡ ನೋಡ್ಕೊಳ್ಳಲಿ. ಅವನ ಕೈ ಚೆನ್ನಾಗಿದೆ." ಎದ್ದು, ಕೆಲಸದ ಏಪ್ರನ್ ಬಿಚ್ಚಿ, ಮಡಚಿ, ಅವನ ಕೈಯಲ್ಲಿಟ್ಟರು.

"ಮಾವ, ತಪ್ಪು ನಂದು." ಮಾತು ಹೊರಬಿದ್ದೇಬಿಟ್ಟಿತು. ಹೊರಬಿದ್ದದ್ದು ಕೇಳಿ ಅವನಿಗೇ ಆಶ್ಚರ್ಯವಾಯಿತು. "ನಿಮ್ಮ ನಾಲಗೆ ಸರಿಯಾಗೇ ಇದೆ. ಉಳೀನೇ ಸಣ್ಣದಾಗಿದೆ. ನೀವು ತಿಕ್ಕಬೇಡಿ ಅಂದಿದ್ರಿ, ನಾನು ಹೊಳಪು ಬರಲಿ ಅಂತ ಹೊರಗಡೆಯೆಲ್ಲ ತಿಕ್ಕಿದೆ. ನಿಮ್ಮ ಕಣ್ಣಿಗೂ ಕೈಗೂ ಏನೂ ಆಗಿಲ್ಲ." ಎದೆಯ ಮೇಲಿನ ಕಲ್ಲು ಇಳಿದಂತಾಗಿ ಅವನು ಬೈಗುಳಕ್ಕೆ ಕಾದ, ಆಸೆಯಿಂದಲೇ ಕಾದ. ಮಾವ ನಕ್ಕರು. ಮೆಲ್ಲಗೆ ಶುರುವಾದ ನಗು ಕೆಮ್ಮಾಗುವ ತನಕ ನಕ್ಕರು. "ಅದು ಉಕ್ಕು ಕಣಯ್ಯಾ, ಸೋಪಲ್ಲ, ಕೈಲಿ ತಿಕ್ಕಿದ್ರೆ ಕರಗೋಕೆ," ಎಂದು ಕಣ್ಣೊರೆಸಿಕೊಂಡು, ಮಗಳ ಕಡೆ ತಿರುಗಿ, "ನೋಡಿದ್ಯೇನೇ? ಮುದುಕ ನೊಂದ್ಕೋತಾನೆ ಅಂತ ತಪ್ಪನ್ನ ತನ್ನ ಮೇಲೆ ಎಳ್ಕೋತಿದ್ದಾನೆ," ಎಂದರು. ಹೆಂಡತಿ ಅವನನ್ನು ನೋಡಿದಳು. ಬೆಳಗಿನ ನೋಟ ಅದರ ಮುಂದೆ ಏನೂ ಅಲ್ಲ. ಚೀಲ ಇಳಿಸಿ ಒಳಗೆ ಬಂದು ಅವನ ಪಕ್ಕದಲ್ಲಿ ನಿಂತಳು, ಮೈ ತಾಗುವಷ್ಟು ಹತ್ತಿರ. "ನಿಜ ಮಾವ, ಆಣೆಗೂ ನಿಜ," ಎಂದ ಅವನು. ದನಿ ಯಾಕೋ ಮೊದಲಿನಷ್ಟು ಗಟ್ಟಿಯಾಗಿ ಬರಲಿಲ್ಲ. "ಬೇಕಿದ್ರೆ ಅಳತೆ ಮಾಡಿ ನೋಡಿ."

"ಅದೂ ಆಗಿಹೋಗಲಿ," ಎಂದು ಮಾವ ಮೇಜಿನ ಡ್ರಾಯರಿನಿಂದ ವರ್ನಿಯರ್ ತೆಗೆದು, ಉಳಿಯ ಬಾಯಿಗೆ ಅದರ ದವಡೆ ಕಚ್ಚಿಸಿ, ಕಿಟಕಿಯ ಬಳಿ ಹೋದರು. ಹತ್ತಿರ ಹಿಡಿದರು, ದೂರ ಹಿಡಿದರು. ಒಂದು ಕಣ್ಣು ಮುಚ್ಚಿದರು, ಇನ್ನೊಂದು ಮುಚ್ಚಿದರು. "ಗೆರೆಗಳೆಲ್ಲ ಒಂದರ ಮೇಲೊಂದು ಕೂತಿವೆ," ಎಂದು ಹಾಗೇ ಕಚ್ಚಿಸಿದಂತೆ ತಂದು ಅವನಿಗೆ ಕೊಟ್ಟರು. "ನೀನೇ ಓದಪ್ಪಾ. ಏನಿದೆಯೋ ಅದನ್ನ ಹೇಳು." ಅವನು ಓದಿದ. ಅರ್ಧ ಇಂಚಿಗೆ ಕಡಿಮೆಯಿತ್ತು, ವಾದಕ್ಕೆ ಜಾಗವೇ ಇಲ್ಲದಷ್ಟು ಕಡಿಮೆ. ಇದನ್ನು ಬಾಯಿಬಿಟ್ಟು ಹೇಳಿದರೆ ಮಾವನ ಕೈ ಮಾವನಿಗೆ ವಾಪಸು. ಏಪ್ರನ್ನೂ ವಾಪಸು. ಅವನಿಗೆ ನೀವು, ಬನ್ನಿ, ಕೂತ್ಕೊಳ್ಳಿ. ಇಷ್ಟು ಹೊತ್ತು ತಾಗಿಕೊಂಡಿದ್ದ ಹೆಂಡತಿಯ ತೋಳು ಬೆಚ್ಚಗಿತ್ತು. ಒಂದು ಸಲ ನಿಜ ಹೇಳಿದ್ದಾಯಿತಲ್ಲ, ನಂಬದಿದ್ದರೆ ಅದು ತನ್ನ ತಪ್ಪೇ? ನಾಳೆ ಹೊಸ ಉಳಿ ತರಿಸಿ, ಎದುರಿಗಿಟ್ಟು, ನಿಧಾನವಾಗಿ, ಅವರಿಗೆ ಮನಸ್ಸಿಗೆ ಹತ್ತುವ ಹಾಗೆ ವಿವರಿಸಿದರಾಯಿತು. ನಾಳೆಯ ಆ ವಿವರಣೆಯ ಮೊದಲ ವಾಕ್ಯವನ್ನು ಅವನು ಇನ್ನೂ ಜೋಡಿಸುತ್ತಿರುವಾಗಲೇ ಬಾಯಿ, "ಸರಿಯಾಗಿ ಅರ್ಧ ಇಂಚು, ಮಾವ," ಎಂದಿತು.

ಮಾವನ ನಗು ಒಂದು ಗಳಿಗೆ ಮುಖದ ಮೇಲೇ ಉಳಿದು ಆಮೇಲೆ ಆರಿತು. ಎಲ್ಲೋ ಒಂದು ಕಡೆ ಅವರೂ ಬೇರೆ ಉತ್ತರಕ್ಕೆ ಕಾದಿದ್ದರೆಂಬುದು ಅವನಿಗೆ ಆಗ ಗೊತ್ತಾಯಿತು. "ಕೇಳಿದ್ಯಾ?" ಎಂದರು ಮಗಳಿಗೆ, "ಪಾಪ, ನಿನ್ನ ಗಂಡನಿಗೆ ಸುಳ್ಳು ಹೇಳೋಕೂ ಬರಲ್ಲ." ಅವಳು ಹ್ಞೂಂಗುಟ್ಟಿ ಗಂಡನ ಮುಂಗೈ ಹಿಡಿದುಕೊಂಡಳು. ಮಾವ ಮಿಷನ್ನಿನ ಸ್ವಿಚ್ಚು ಆರಿಸಿದರು, ಆರಿದೆಯೇ ಎಂದು ಬೆರಳಿನಿಂದ ಮುಟ್ಟಿ ಖಾತ್ರಿ ಮಾಡಿಕೊಂಡರು, ಮೇಜಿನ ಅಂಚು ಹಿಡಿದು ಬಾಗಿಲ ತನಕ ಹೋದರು. ಹೊಸ್ತಿಲಿನಲ್ಲಿ ನಿಂತುಬಿಟ್ಟರು. ಹೊರಗೆ ಮಧ್ಯಾಹ್ನದ ಬಿಸಿಲು ಬೆಳ್ಳಗೆ ಹೊಡೆಯುತ್ತಿತ್ತು. ಒಂದು ಕೈಯಲ್ಲಿ ಬಾಗಿಲ ಚೌಕಟ್ಟನ್ನು ತಡವುತ್ತ ಕೆಳಗೆ ನೋಡಿದರು.

"ಇಲ್ಲಿ ಮೆಟ್ಟಿಲು ಒಂದೇ ತಾನೇ?" ಎಂದು ಕೇಳಿದರು. ಆ ಮೆಟ್ಟಿಲನ್ನು ಅಳೆದು, ದಾರ ಹಿಡಿದು, ಕಟ್ಟಿದವರು ಅವರೇ.

"ಒಂದೇ, ಮಾವ," ಎಂದ ಅವನು.

ಮಾವ ಅವನ ಮಾತು ನಂಬಿ ಕಾಲು ಇಳಿಸಿದರು.